ಬರಿಗಾಲಲ್ಲಿ ಲಾರಿ ಓಡಿಸಿದವನು

"ಈ ಚಪ್ಪಲಿಯನ್ನು ಯಾರಾದ್ರೂ ಮುಟ್ಟಿದ್ದಾರಾ?"

ಸಾಧನಾ ಕೇಳಿದ್ದು ಎಸ್‌ಐ ರಂಜಿತ್‌ನನ್ನು. ಅವನು ಲಾರಿಯ ನೆರಳಿನಲ್ಲಿ ನಿಂತು ಮೂರನೇ ಸಲ ಗಡಿಯಾರ ನೋಡುತ್ತಿದ್ದ.

"ಲೋಡು ಹೋಗಿದೆ, ಡ್ರೈವರ್ ಹೋಗಿದ್ದಾನೆ, ಜಿಪಿಎಸ್ ಕಿತ್ತು ಹೋಗಿದೆ. ಉಳಿದದ್ದು ಒಂದು ಜೊತೆ ಚಪ್ಪಲಿ. ಅದನ್ನೂ ಬಿಡುದಿಲ್ಲ ನೀವು," ಎಂದ. "ಯಾರೂ ಮುಟ್ಟಲಿಲ್ಲ ಮೇಡಂ. ಸಿಕ್ಕಿದ ಹಾಗೆಯೇ ಉಂಟು."

ಹತ್ತು ಚಕ್ರದ ಆ ಲಾರಿಯ ಚಾಲಕನ ಬಾಗಿಲಿನ ಕೆಳಗೆ, ಹತ್ತುವ ಮೆಟ್ಟಿಲಿನ ಪಕ್ಕದಲ್ಲಿ, ತಂತಿ ಬಗ್ಗಿಸಿ ಮಾಡಿದ ಒಂದು ಕೊಕ್ಕೆ. ಕೊಕ್ಕೆಯಲ್ಲಿ ನೀಲಿ ಬಾರಿನ ಹವಾಯಿ ಚಪ್ಪಲಿ. ಎಡಗಾಲಿನದರ ಹಿಮ್ಮಡಿ ಸವೆದು ಬೆಳಕು ಕಾಣುವಷ್ಟು ತೆಳ್ಳಗಾಗಿತ್ತು.

ಮಂಗಳವಾರ ಮಂಗಳೂರಿನ ಬಂದರಿನಿಂದ ಮೂಡುಬಿದಿರೆಯ ಗೇರುಬೀಜದ ಫ್ಯಾಕ್ಟರಿಗೆಂದು ಹೊರಟ ಇನ್ನೂರು ಗೋಣಿ ಕಚ್ಚಾ ಬೀಜ ದಾರಿಯಲ್ಲೇ ಮಾಯವಾಗಿ, ಖಾಲಿ ಲಾರಿ ಶುಕ್ರವಾರ ನೆರಿಯದ ಕಾಡಂಚಿನಲ್ಲಿ ಸಿಕ್ಕಿತ್ತು. ಚಾಲಕ ರುಕ್ಮಯ್ಯ ಮಾತ್ರ ಸಿಕ್ಕಿರಲಿಲ್ಲ.

ಇವತ್ತು ಶನಿವಾರ. ಬೆಳ್ತಂಗಡಿ ಪೇಟೆಯಿಂದ ಸ್ವಲ್ಪ ಆಚೆ, ಪೊಲೀಸರು ಹಿಡಿದ ವಾಹನಗಳನ್ನು ನಿಲ್ಲಿಸುವ ಅಂಗಳದಲ್ಲಿ ಆ ಲಾರಿ ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು. ಸಾಧನಾ ವಿಮಾ ಕಂಪೆನಿಯ ಪರವಾಗಿ ಸರಕು ನಷ್ಟದ ಸರ್ವೆ ಮಾಡುವವಳು. ಹನ್ನೆರಡು ವರ್ಷದಲ್ಲಿ ಉರುಳಿದ ಲಾರಿ, ನೆನೆದ ಸಿಮೆಂಟು, ಒಡೆದ ಹೆಂಚು ಎಲ್ಲವನ್ನೂ ನೋಡಿ ಮುಗಿಸಿದವಳು. ಕಳುವಾದ ಲೋಡಿನ ಕಾಗದದಲ್ಲಿ ಚಾಲಕನ ಹೆಸರನ್ನು ಅವಳು ಎರಡೆರಡು ಸಲ ಓದಿದ್ದು ಇದೇ ಮೊದಲು.

ಯಾಕೆಂದರೆ ರುಕ್ಮಯ್ಯ ಅವಳಿಗೆ ಬರೀ ಒಂದು ಹೆಸರಲ್ಲ. ಅವಳ ಅಪ್ಪನ ಬಳಿ ಎರಡು ಲಾರಿಗಳಿದ್ದ ಕಾಲದಲ್ಲಿ ಒಂಬತ್ತು ವರ್ಷ ಸ್ಟೇರಿಂಗ್ ಹಿಡಿದವನು ಅವನೇ. ಏಳನೇ ಕ್ಲಾಸಿನ ರಜೆಯಲ್ಲಿ ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಅವನ ಪಕ್ಕ ಕೂತು ಹೋಗಬೇಕೆಂದು ಹಟ ಹಿಡಿದಿದ್ದಳು. ಹೊಸ ಬಕಲ್ ಚಪ್ಪಲಿ ಹಾಕಿಕೊಂಡೇ ಮೆಟ್ಟಿಲಿಗೆ ಕಾಲಿಟ್ಟಾಗ ಅವನು ಬಾಗಿಲು ಅಡ್ಡ ಹಿಡಿದಿದ್ದ. "ಚಪ್ಪಲಿ ಕೆಳಗೆ, ಸಾಧನಕ್ಕ. ಇದು ಗಂಧ ಇರುವ ಜಾಗ," ಎಂದಿದ್ದ. ಸ್ಟೇರಿಂಗಿನ ಮುಂದೆ ಪುಟ್ಟ ಡಬ್ಬಿಯಲ್ಲಿ ಅವನ ಊರಿನ ದೈವದ ಗಂಧಪ್ರಸಾದ ಇತ್ತು. ಗಾಡಿ ಎಷ್ಟು ಬದಲಾದರೂ ಆ ಡಬ್ಬಿ ಅವನ ಜೊತೆ ಬರುತ್ತಿತ್ತು. ಹೊರಗೆ ಬಾಗಿಲ ಕೆಳಗೊಂದು ಕೊಕ್ಕೆಯೂ ಬರುತ್ತಿತ್ತು.

"ರಂಜಿತ್, ಓಡಿಹೋಗುವವನು ಚಪ್ಪಲಿ ಬಿಟ್ಟು ಓಡ್ತಾನಾ? ನೆರಿಯದ ಕಾಡಿನಲ್ಲಿ, ಈ ಜಿಗಣೆ ಕಾಲದಲ್ಲಿ?"

"ಅವಸರದಲ್ಲಿ ಮರೆತಿರ್ಬಹುದು."

"ಇಳಿದ ಕೂಡಲೇ ಕೈ ಹೋಗುದೇ ಕೊಕ್ಕೆಯ ಹತ್ತಿರ. ಮೂವತ್ತು ವರ್ಷದ ಅಭ್ಯಾಸ ಅದು. ಮರೆಯುದಿಲ್ಲ."

ರಂಜಿತ್ ಒಳ್ಳೆಯವನೇ. ಆದರೆ ಅವನಿಗೆ ಮೇಲಿನವರು ಒಬ್ಬರಲ್ಲ, ನಾಲ್ಕು ಜನ. "ನಾಲ್ಕು ಗಂಟೆಗೆ ನಾನು ಕಾಗದ ಕಳಿಸ್ಬೇಕು ಮೇಡಂ. ಗಾಡಿ ಸಿಕ್ಕಿದ್ದು ಅವನ ಮನೆಯಿಂದ ಒಂದೂವರೆ ಕಿಲೋಮೀಟರ್‌ನಲ್ಲಿ. ಆರೋಪಿ ರುಕ್ಮಯ್ಯ ಅಂತ ಬರೆಯದೆ ಮತ್ತೆಂತ ಬರೆಯುದು?"

"ಆರೋಪಿ ಅಂತ ಬರೆದ್ರೆ ಹೇಗೆ ಹುಡುಕ್ತೀರಿ?"

"ಕಳ್ಳರನ್ನು ಹುಡುಕುವ ಹಾಗೆ. ಫೋನ್ ಆನ್ ಆಗ್ತದಾ, ನೆಂಟರ ಮನೆಗೆ ಬರ್ತಾನಾ ಅಂತ ಕಾಯುದು."

"ಕಾಣೆಯಾದವನು ಅಂತ ಬರೆದ್ರೆ?"

ಅವನು ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. "ಆಗ ಇವತ್ತೇ ಜನ ಕರೆಸಿ, ನಾಯಿ ತರಿಸಿ ಹುಡುಕ್ಬೇಕು. ಅದಕ್ಕೆ ಬಲವಾದ ಕಾರಣ ಬೇಕು. ಚಪ್ಪಲಿ ಸಾಕಾಗುದಿಲ್ಲ."

ಗಂಟೆ ಎರಡೂಕಾಲು. ಗೇಟಿನಾಚೆ ಚಹಾದಂಗಡಿಯ ಬೆಂಚಿನ ಮೇಲೆ ರುಕ್ಮಯ್ಯನ ಹೆಂಡತಿ ಸೇಸಮ್ಮ ಬೆಳಿಗ್ಗೆಯಿಂದ ಕೂತಿದ್ದಳು. ಪಕ್ಕದಲ್ಲಿ ಪಿಯುಸಿ ಓದುವ ಮಗಳು ಸಾತ್ವಿಕಾ. ಹೇಳಿಕೆಗೆ ಸಹಿ ಹಾಕದೆ ಎಲ್ಲಿಗೂ ಹೋಗಬಾರದೆಂದು ಪೊಲೀಸರು ಸೇಸಮ್ಮನಿಗೆ ಹೇಳಿಟ್ಟಿದ್ದರು. ಬೆಳಿಗ್ಗೆ ಜಯೇಶ್, ಅಂದರೆ ಸಾಧನಾಳ ಗಂಡ, ಕಾರಿನಲ್ಲಿ ಅವಳನ್ನು ಇಲ್ಲಿ ಇಳಿಸಿ ಹೋದಾಗ ಸೇಸಮ್ಮ ಓಡಿಬಂದು ಕೈ ಹಿಡಿದಿದ್ದಳು.

"ಇವರಿಗೆ ಸಕ್ಕರೆ ಉಂಟು ಅಕ್ಕ. ದಿನಾ ಸೂಜಿ ಚುಚ್ಚಿಕೊಳ್ಬೇಕು. ನಾಲ್ಕು ದಿನ ಆಯ್ತು. ಕಳ್ಳ ಅಂತ ಬೇಕಾದ್ರೆ ಆಮೇಲೆ ಹೇಳ್ಲಿ, ಮೊದಲು ಹುಡುಕ್ಲಿ."

"ನಾನಿದ್ದೇನೆ," ಎಂದಿದ್ದಳು ಸಾಧನಾ. ಹೇಳುವುದು ಸುಲಭ.

ಅವಳು ತನ್ನ ಚಪ್ಪಲಿ ಬಿಟ್ಟು ಕ್ಯಾಬಿನ್ ಹತ್ತಿದಳು. ಬೆರಳಚ್ಚಿನವರು ಬೆಳಿಗ್ಗೆಯೇ ಬಂದು ಹೋಗಿದ್ದರು. ಸ್ಟೇರಿಂಗನ್ನು ಯಾರೋ ಚೆನ್ನಾಗಿ ಒರೆಸಿದ್ದಾರೆಂದು ಹೇಳಿದ್ದರಂತೆ.

ಗಂಧದ ಡಬ್ಬಿ ಇದ್ದಲ್ಲೇ ಇತ್ತು. ನೆಲದ ರಬ್ಬರ್ ಹಾಸಿನ ಮೇಲೆ ಒಂದು ಹನಿ ಕೆಸರಿಲ್ಲ. ಗಾಡಿ ಸಿಕ್ಕಿದ್ದು ಮೊಣಕಾಲಿನವರೆಗೆ ಕೆಸರಿರುವ ರಬ್ಬರ್ ತೋಟದ ದಾರಿಯಲ್ಲಿ. ಇಳಿದವನು ಕೆಸರಿಗೆ ಇಳಿದಿರಬಹುದು, ಸರಿ. ಆದರೆ ಹತ್ತಿದವನು ಬೂಟು ಚಪ್ಪಲಿ ಹಾಕಿಕೊಂಡು ಹತ್ತಿದವನಲ್ಲ.

ಬ್ರೇಕಿನ ಪೆಡಲಿನ ಗೀರುಗಳ ನಡುವೆ ಹೆಬ್ಬೆರಳಿನ ಅಗಲದ ಒಣಗಿದ ಬೆವರಿನ ಗುರುತು. ಬರಿಗಾಲಿನದು.

ನಂತರ ಅವಳು ಚಾಲಕನ ಸೀಟಿನಲ್ಲಿ ಕೂತಳು. ಕ್ಲಚ್ಚಿಗೆ ಕಾಲು ಮುಟ್ಟಲಿಲ್ಲ. ಸೊಂಟ ಮುಂದೆ ಜಾರಿಸಿದಳು, ಆಗಲೂ ತುದಿ ಮಾತ್ರ ತಾಗಿತು. ರುಕ್ಮಯ್ಯ ಅವಳಿಗಿಂತ ನಾಲ್ಕು ಬೆರಳು ಗಿಡ್ಡ. ಬೆನ್ನಿಗೆ ದಿಂಬು ಕೊಟ್ಟು, ಸೀಟನ್ನು ಪೂರ್ತಿ ಮುಂದೆಳೆದು, ಸ್ಟೇರಿಂಗನ್ನು ಅಪ್ಪಿ ಹಿಡಿದಂತೆ ಕೂತು ಓಡಿಸುವವನು. ಆ ದಿಂಬು ಈಗ ಹಿಂದಿನ ಮಲಗುವ ಹಲಗೆಯ ಮೇಲೆ ಬಿದ್ದಿತ್ತು. ಸೀಟು ಕೊನೆಯ ಕಚ್ಚಿನವರೆಗೆ ಹಿಂದಕ್ಕೆ ಹೋಗಿತ್ತು.

ಅವಳು ಏನನ್ನೂ ಸರಿಸದೆ ಮೆಲ್ಲಗೆ ಇಳಿದಳು.

"ನೆರಿಯದಿಂದ ಇಲ್ಲಿಗೆ ಓಡಿಸಿ ತಂದದ್ದು ಯಾರು?"

"ಯಾರೂ ಓಡಿಸ್ಲಿಲ್ಲ. ಕೀಲಿ ಇರ್ಲಿಲ್ಲ. ಮುಂದಿನ ಚಕ್ರ ಎತ್ತಿ ಕ್ರೇನಿನಲ್ಲಿ ಎಳೆದದ್ದು," ಎಂದ ರಂಜಿತ್. "ಯಾಕೆ?"

"ನೆರಿಯಕ್ಕೆ ಇದನ್ನು ಕೊಂಡು ಹೋದವ ರುಕ್ಮಯ್ಯ ಅಲ್ಲ. ಎತ್ತರದ ಆಳು. ಬರಿಗಾಲಲ್ಲಿ ಓಡಿಸಿದ್ದಾನೆ."

"ಬರಿಗಾಲಲ್ಲಿ?"

"ಗಂಧದ ಎದುರು ಚಪ್ಪಲಿ ಹಾಕ್ಲಿಕ್ಕೆ ಹೆದರಿದ್ದಾನೆ. ಇನ್ನೂರು ಗೋಣಿ ಬೀಜ ಹೋದ ಗಾಡಿ, ಮನುಷ್ಯನೇ ಇಲ್ಲದ ಗಾಡಿ. ಅದನ್ನು ಕೊಂಡುಹೋಗಿ ಬೇರೆಯವನ ಊರಲ್ಲಿ ನಿಲ್ಲಿಸುವಾಗಲೂ ಚಪ್ಪಲಿ ತೆಗೆದು ಹತ್ತಿದ್ದಾನೆ. ಹೊರಗಿನವ ಅಲ್ಲ ರಂಜಿತ್. ನಮ್ಮೂರಿನವನೇ."

ರಂಜಿತ್ ನಕ್ಕ. "ಹಾಗಾದ್ರೆ ಅರ್ಧ ತಾಲೂಕನ್ನು ಕರೆಸುವ. ನಾನೂ ಬರ್ತೇನೆ ಸಾಲಿನಲ್ಲಿ." ನಗು ಮುಗಿಯುವ ಮೊದಲೇ ಅವನ ಮುಖ ಗಂಭೀರವಾಯಿತು. ಅವನ ಜೀಪಿನಲ್ಲೂ ಅಂಥದೊಂದು ಡಬ್ಬಿ ಇತ್ತು.

ಅಷ್ಟರಲ್ಲಿ ಗೇಟಿನ ಬಳಿ ಬಿಳಿ ಕಾರು ನಿಂತಿತು. ಲಾರಿಯ ಮಾಲಕ ಶಂಭು ಶೆಟ್ಟಿ ಮೆಲ್ಕಾರಿನಿಂದ ಬಂದಿದ್ದ. ಕೈಯಲ್ಲಿ ಎರಡನೇ ಕೀಲಿ. ಬಾಗಿಲಿನಿಂದ ಹೊರಬರುವಾಗ ತಲೆ ತಗ್ಗಿಸಬೇಕಾಗುವ ಆಳು. ಒಂದು ಕಾಲದಲ್ಲಿ ಹನ್ನೊಂದು ಲಾರಿಗಳ ಧಣಿ, ಈಗ ಉಳಿದದ್ದು ಎರಡು. ರಸ್ತೆ ಅಗಲವಾದಷ್ಟೂ ಅದರ ಮೇಲೆ ಓಡುವ ಗಾಡಿಗಳೂ ಉದ್ದವಾದವು. ದೊಡ್ಡ ಕಂಪೆನಿಗಳ ಟ್ರೇಲರುಗಳು ಬಂದರಿನ ಗೇಟಿನಲ್ಲೇ ಲೋಡು ಎತ್ತಿಕೊಂಡು ಹೋಗತೊಡಗಿದ ಮೇಲೆ ಶೆಟ್ಟರಂಥವರಿಗೆ ಸಿಕ್ಕಿದ್ದು ಉಳಿದುಬಳಿದದ್ದು.

"ಶೆಟ್ರೇ, ಒಂದು ಉಪಕಾರ," ಎಂದಳು ಸಾಧನಾ. "ಹಿಂದಿನ ಹಲಗೆ ಗೋಡೆಗೆ ಒತ್ತಿದೆ. ತೆರೆದು ಒಳಗೆ ನೋಡ್ಬೇಕು. ಗಾಡಿಯನ್ನು ಹತ್ತಡಿ ಮುಂದೆ ತೆಗೀತೀರಾ?"

"ನಾನಾ? ಈ ಗಾಡಿ ಹತ್ತದೆ ಎರಡು ವರ್ಷ ಆಯ್ತು ಮೇಡಂ. ಮೊಣಕಾಲು ನೋವು."

"ಹತ್ತೇ ಅಡಿ."

ಶೆಟ್ಟಿ ರಂಜಿತ್‌ನ ಮುಖ ನೋಡಿದ, ಬೂಟು ಬಿಚ್ಚಿದ, ಒಂದರ ಪಕ್ಕ ಒಂದಿಟ್ಟ, ಹತ್ತಿದ. ಎಂಜಿನ್ ಎರಡು ಸಲ ಕೆಮ್ಮಿ ಚಾಲೂ ಆಯಿತು. ಲಾರಿ ಹತ್ತಡಿ ಮುಂದೆ ಬಂದು ನಿಂತಿತು. ಅಳತೆ ಹಿಡಿದಂತೆ, ಒಂದು ಜಗ್ಗು ಇಲ್ಲದೆ.

ಸಾಧನಾ ಹಲಗೆಯ ಕಡೆ ನೋಡಲೇ ಇಲ್ಲ. ಅವಳು ನೋಡುತ್ತಿದ್ದದ್ದು ಅವನ ಎಡಗೈಯನ್ನು. ಅದು ಸೀಟು ಸರಿಸುವ ಹಿಡಿಕೆಗೆ ಹೋಗಲಿಲ್ಲ. ಬಲಗೈ ಕನ್ನಡಿಗೂ ಹೋಗಲಿಲ್ಲ.

ರಂಜಿತ್‌ಗೆ ಠಾಣೆಯಿಂದ ಫೋನ್ ಬಂತು. ಅವನು ಮಾತಾಡುತ್ತಾ ಗೇಟಿನ ಕಡೆ ಹೋದ. ಶೆಟ್ಟಿ ಇಳಿದು ಬೂಟಿಗೆ ಬಗ್ಗಿದಾಗ ಸಾಧನಾ ಅವನ ಎದುರು ನಿಂತಳು.

"ಸೀಟು ಸರಿ ಇತ್ತಾ ಶೆಟ್ರೇ?"

"ಯಾವ ಸೀಟು?"

"ನೀವು ಈಗ ಕೂತದ್ದು. ರುಕ್ಮಯ್ಯನ ಸೀಟಿನಲ್ಲಿ ನೀವು ಕೂತ್ರೆ ಮೊಣಕಾಲು ಸ್ಟೇರಿಂಗಿಗೆ ಬಡೀಬೇಕಿತ್ತು. ನೋವಿರುವ ಮೊಣಕಾಲು ಬೇರೆ. ನೀವು ಸೀಟೂ ಸರಿಸ್ಲಿಲ್ಲ, ಕನ್ನಡಿಯೂ ತಿರುಗಿಸ್ಲಿಲ್ಲ. ಎರಡು ವರ್ಷ ಹತ್ತದ ಗಾಡಿ ನಿಮ್ಮ ಅಳತೆಗೇ ಇತ್ತು."

ಶೆಟ್ಟಿ ಬೂಟಿನ ದಾರ ಕೈಯಲ್ಲಿ ಹಿಡಿದು ಹಾಗೇ ಕೂತ.

"ಗುರುವಾರ ಬೆಳಿಗ್ಗೆ ಆರು ಗಂಟೆಗೆ," ಎಂದ ಕೊನೆಗೆ. "ಮೆಲ್ಕಾರಿನಲ್ಲಿ ನನ್ನ ಶೆಡ್ಡಿನ ಎದುರು ಗಾಡಿ ನಿಂತಿತ್ತು. ಖಾಲಿ. ಟರ್ಪಾಲು ಚಂದ ಮಾಡಿ ಮಡಚಿ ಇಟ್ಟಿದ್ದಾರೆ. ಕೀಲಿ ಅದರಲ್ಲೇ ಉಂಟು. ರುಕ್ಮಯ್ಯ ಇಲ್ಲ."

"ಪೊಲೀಸರಿಗೆ ಹೇಳ್ಲಿಲ್ಲ ಯಾಕೆ?"

"ಹೇಗೆ ಹೇಳುದು? ಲೋಡು ಹೋದ ಗಾಡಿ ನನ್ನ ಬಾಗಿಲಲ್ಲೇ ನಿಂತರೆ ಕದ್ದವ ಯಾರು ಅಂತ ಹೇಳ್ತಾರೆ ಜನ? ಹತ್ತಿ ನೋಡಿದೆ. ಕ್ಯಾಬಿನ್ ತುಂಬ ಬೂಟಿನ ಕೆಸರು. ಗಂಧದ ಎದುರು, ಮೇಡಂ. ನನಗೆ ನೋಡ್ಲಿಕ್ಕೆ ಆಗ್ಲಿಲ್ಲ. ಒರೆಸಿದೆ."

"ಸಾಕ್ಷಿ ಒರೆಸಿದಿರಿ."

"ನಾನು ಕೆಸರು ಒರೆಸಿದ್ದು."

ಸಾಧನಾಳಿಗೆ ಸಿಟ್ಟು ಬಂತು. ಆ ಕೆಸರಿನಲ್ಲಿ ಒಂದು ಬೂಟಿನ ಅಚ್ಚು ಇದ್ದಿರಬಹುದು, ರುಕ್ಮಯ್ಯನನ್ನು ಮುಟ್ಟಿದವನದು. ಭಕ್ತಿಯಿಂದ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಎಸೆದಿದ್ದಾನೆ ಈ ಮನುಷ್ಯ. ನಂತರ ಅದೇ ಭಕ್ತಿಯಲ್ಲಿ ಬೂಟು ಬಿಚ್ಚಿಟ್ಟು ಬಿ.ಸಿ.ರೋಡ್, ಮಡಂತ್ಯಾರು, ಉಜಿರೆ ದಾಟಿ ಬಡವನೊಬ್ಬನ ಊರಿಗೆ ಲಾರಿ ಓಡಿಸಿದ್ದಾನೆ.

"ನಿಮ್ಮ ಗಾಡಿಯನ್ನು ಹದಿನಾರು ವರ್ಷ ಓಡಿಸಿದವ ಅವ. ಅವನ ಮನೆಬಾಗಿಲಿಗೆ ಕೊಂಡುಹೋಗಿ ಕಳ್ಳತನ ಇಟ್ಟು ಬಂದಿರಲ್ಲ ಶೆಟ್ರೇ. ಹೊರಗೆ ಅವನ ಹೆಂಡತಿ ಕೂತಿದ್ದಾಳೆ. ಒಮ್ಮೆ ಹೋಗಿ ನೋಡಿ ಬನ್ನಿ ಮುಖ."

"ನೋಡಿದೆ. ಬರುವಾಗ ನನಗೆ ಕೈ ಮುಗಿದಳು." ಶೆಟ್ಟಿ ಬೂಟನ್ನು ಕೆಳಗಿಟ್ಟ. "ನನ್ನ ಮೇಲೆ ಬೀಳುದು ಬೇಡ ಅಂತ ಅಷ್ಟೇ ಇದ್ದದ್ದು ತಲೆಯಲ್ಲಿ. ತಪ್ಪು ಮಾಡಿದ್ದೇನೆ. ಆ ಚಪ್ಪಲಿಯನ್ನೂ ಬಿಸಾಡ್ಲಿಕ್ಕೆ ಹೋದೆ, ಕೈ ಬರ್ಲಿಲ್ಲ. ಅದನ್ನು ಬಿಸಾಡಿದ್ರೆ ಅವ ಸತ್ತ ಅಂತ ನಾನೇ ಹೇಳಿದ ಹಾಗೆ ಆಗ್ತದಲ್ವಾ?"

ಸಾಧನಾ ಗಡಿಯಾರ ನೋಡಿದಳು. ಗಂಟೆ ಮೂರಾಗುತ್ತಿತ್ತು. ಈ ಮಾತು ಸಾಕು. ರುಕ್ಮಯ್ಯ ನೆರಿಯಕ್ಕೆ ಬರಲೇ ಇಲ್ಲವೆಂದು ಮಾಲಕನೇ ಒಪ್ಪಿದ್ದಾನೆ. ರಂಜಿತ್ ಇನ್ನು ಕಾಣೆಯಾದವನನ್ನು ಹುಡುಕಲೇಬೇಕು.

"ಇದನ್ನೆಲ್ಲ ಈಗ ರಂಜಿತ್ ಎದುರು ಹೇಳ್ತೀರಿ ನೀವು."

"ಹೇಳ್ತೇನೆ. ಎರಡು ದಿನದಿಂದ ಹೇಳುವ ಅಂತಲೇ ಇದ್ದೆ. ಯಾರ ಹತ್ತಿರ ಹೇಳುದು ಅಂತ ಗೊತ್ತಾಗ್ಲಿಲ್ಲ." ಅವನು ಎದ್ದು ನಿಂತು ಅವಳನ್ನು ನೇರವಾಗಿ ನೋಡಿದ. ಆ ನೋಟದಲ್ಲಿ ಪಶ್ಚಾತ್ತಾಪ ಇರಲಿಲ್ಲ, ಹೆದರಿಕೆ ಇತ್ತು. "ಸರ್ವೆಗೆ ನೀವೇ ಬರ್ತೀರಿ ಅಂತ ನಿನ್ನೆ ಕೇಳಿ ನನಗೆ ಕೈಕಾಲು ತಣ್ಣಗಾಯ್ತು ಮೇಡಂ. ಇವರೇ ಮಾಡಿ ಇವರೇ ಬರೆದು ಮುಗಿಸ್ತಾರೆ ಅಂತ ಕಂಡಿತು."

"ಎಂತ ಹೇಳ್ತಾ ಇದ್ದೀರಿ ನೀವು?"

"ಈಗ ನಿಮ್ಮ ಸಿಟ್ಟು ನೋಡಿದ್ರೆ ನಿಮಗೆ ಗೊತ್ತಿಲ್ಲ ಅಂತ ಕಾಣ್ತದೆ. ಅಥವಾ ನೀವು ಭಾರೀ ಗಟ್ಟಿ ಹೆಂಗಸು." ಅವನು ಕಿಸೆಯಿಂದ ಫೋನ್ ತೆಗೆದು ಏನೋ ಹುಡುಕಿದ. "ಮಂಗಳವಾರ ಹನ್ನೆರಡೂಕಾಲಿಗೆ ರುಕ್ಮಯ್ಯ ಕಳಿಸಿದ್ದು. ಅವನದ್ದು ಕಡೆಯ ಮಾತು. ಯಾರಿಗೂ ಕೇಳಿಸ್ಲಿಲ್ಲ ನಾನು."

ಫೋನಿನಿಂದ ರುಕ್ಮಯ್ಯನ ದನಿ ಬಂತು. ತುಳುವಿನಲ್ಲಿ, ಹಿಂದೆ ಹೋಟೆಲಿನ ಪಾತ್ರೆಗಳ ಸದ್ದು. ಎಂದಿನಂತೆ ನಿಧಾನ, ಎಂದಿನಂತೆ ನಗು ಬೆರೆತ ದನಿ.

"ಧಣಿಗಳೇ, ಮೂಡುಬಿದಿರೆ ದಾರಿಯಲ್ಲಿ ಕೈಕಂಬದ ಹತ್ತಿರ ರಸ್ತೆ ಕೆಲಸವಂತೆ, ಲಾರಿ ಬಿಡುದಿಲ್ಲವಂತೆ. ಬಿ.ಸಿ.ರೋಡಿನ ಮೂಲಕ ಸಿದ್ಧಕಟ್ಟೆ ದಾರಿ ಹಿಡಿಯಲು ಹೇಳಿದ್ದಾರೆ. ಸಾಧನಕ್ಕನ ಫೋನಿನಿಂದ ಜಯೇಶಣ್ಣ ಮಾತಾಡಿದ್ದು. ದಾರಿಯಲ್ಲಿ ಒಬ್ಬರು ಹತ್ತುತ್ತಾರಂತೆ, ಅವರು ತೋರಿಸಿದ ಗೋಡೌನಿನಲ್ಲಿ ಇಳಿಸಬೇಕಂತೆ. ಫ್ಯಾಕ್ಟರಿಯಲ್ಲಿ ಜಾಗ ಇಲ್ಲವಂತೆ. ಬೇರೆಯವರು ಹೇಳಿದ್ದರೆ ನಿಮ್ಮನ್ನು ಕೇಳದೆ ಹೋಗುತ್ತಿರಲಿಲ್ಲ. ಸಾಧನಕ್ಕ ಹೇಳಿಸಿದ ಮೇಲೆ ಎಂತ ಯೋಚನೆ, ಅಲ್ವಾ? ಊಟ ಮಾಡಿ ಹೊರಡ್ತೇನೆ."

ಅಷ್ಟೇ. ಶೆಟ್ಟಿ ಫೋನನ್ನು ಕಿಸೆಗೆ ಹಾಕಲಿಲ್ಲ, ಹಿಡಿದುಕೊಂಡೇ ನಿಂತ.

ದಿನಕ್ಕೊಂದು ಕಡೆ ಅಗೆದು ದಾರಿ ತಿರುಗಿಸುವ ಈ ಕಾಲದಲ್ಲಿ ಯಾವ ಚಾಲಕನೂ ಇಂಥ ಫೋನಿಗೆ ಅನುಮಾನ ಪಡುವುದಿಲ್ಲ. ಅದನ್ನು ಚೆನ್ನಾಗಿ ಬಲ್ಲವರು ಯಾರು? ಲಾರಿಗಳಿಗೆ ಲೋಡು ಕುದುರಿಸಿ ಕೊಡುವ ಬುಕಿಂಗ್ ಆಫೀಸನ್ನು ಮೂಡುಬಿದಿರೆಯ ಪೇಟೆಯಲ್ಲಿ ಹತ್ತು ವರ್ಷದಿಂದ ನಡೆಸುತ್ತಿರುವ ಜಯೇಶ್ ಬಲ್ಲ.

ಸಾಧನಾ ತನ್ನ ಫೋನ್ ತೆಗೆದಳು. ಮಂಗಳವಾರ. ಬೆಳಿಗ್ಗೆ ಒಂಬತ್ತಕ್ಕೆ ಒಂದು ಕರೆ, ಮಧ್ಯಾಹ್ನ ಮೂರಕ್ಕೆ ಒಂದು. ನಡುವೆ ಏನೂ ಇಲ್ಲ. ಆ ದಿನ ಅವಳು ಬಸದಿಯಲ್ಲಿ ಅತ್ತೆ ಕಮಲಾವತಿಯವರ ನೋಂಪಿ ವ್ರತದ ಪೂಜೆಗೆ ಕೂತಿದ್ದಳು. ಫೋನ್ ಮನೆಯಲ್ಲಿ ಚಾರ್ಜಿಗಿತ್ತು. ಮನೆಯಲ್ಲಿ ಆ ಹೊತ್ತಿಗೆ ಒಬ್ಬನೇ ಇದ್ದ. ಮಾತಾಡಿ, ಕರೆಯನ್ನು ಅಳಿಸಿ, ಮತ್ತೆ ಚಾರ್ಜಿಗೆ ಸಿಕ್ಕಿಸಿಟ್ಟಿದ್ದಾನೆ. ಮಧ್ಯಾಹ್ನ ಅವಳು ಬಂದಾಗ ಎದ್ದು ಬಂದು ಪ್ರಸಾದಕ್ಕೆ ಕೈಯೊಡ್ಡಿದ್ದ.

ಹೆದರಿಕೆಗಿಂತ ಮೊದಲು ಬಂದದ್ದು ನಾಚಿಕೆ. ಲೋಡಿನ ಆಸೆಗೆ ಯಾರೋ ರುಕ್ಮಯ್ಯನನ್ನು ಬಲಿ ಹಾಕಿದ್ದಾರೆಂದು ಬೆಳಿಗ್ಗೆಯಿಂದ ಹಲ್ಲು ಕಡಿಯುತ್ತಿದ್ದವಳು ಅವಳು. ಅವನು ದಾರಿ ತಪ್ಪಿದ್ದು ಅವಳ ಹೆಸರನ್ನು ನಂಬಿ. ಶೆಟ್ಟಿಯ ಎದುರು ತಲೆ ಎತ್ತುವುದು ಅವಳಿಗೆ ಸಾಧ್ಯವಾಗಲಿಲ್ಲ.

"ಇದನ್ನು ರಂಜಿತ್‌ಗೆ ಕೇಳಿಸ್ಬೇಕು," ಎಂದಳು. ದನಿ ತನ್ನದಲ್ಲವೆನಿಸಿತು.

"ನಿಮ್ಮ ಯಜಮಾನರ ಹೆಸರು ಉಂಟು ಅದರಲ್ಲಿ."

"ಉಂಟು. ಕೇಳಿಸುವ. ಬನ್ನಿ."

ಇಬ್ಬರೂ ಗೇಟಿನ ಕಡೆ ಹೊರಟರು. ಹತ್ತು ಹೆಜ್ಜೆ ನಡೆಯುವುದರೊಳಗೆ ಸೇಸಮ್ಮ ಎದುರಿನಿಂದ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಚ್ಚುಕಡಿಮೆ ಓಡುತ್ತಾ. ನಾಲ್ಕು ದಿನದಲ್ಲಿ ಮೊದಲ ಬಾರಿ ಅವಳ ಮುಖದಲ್ಲಿ ಜೀವ ಕಾಣಿಸಿತು.

"ಅಕ್ಕ, ನಿಮ್ಮ ಋಣ ಯಾವಾಗ ತೀರಿಸುದೋ ನಾನು. ಇವರು ಸಿಕ್ಕಿದ್ದಾರಂತಲ್ಲ."

"ಯಾರು ಹೇಳಿದ್ದು?"

"ಜಯೇಶಣ್ಣನೇ ಬಂದಿದ್ರು, ಬೆಳಿಗ್ಗೆ ನಿಮ್ಮನ್ನು ಬಿಟ್ಟು ಹೋದ ಅದೇ ಕಾರಿನಲ್ಲಿ. ಪೊಲೀಸರಿಗೆ ಗೊತ್ತಾಗುದು ಬೇಡ, ಮನೆಯವರು ಯಾರಾದ್ರೂ ಬಂದು ಮಾತಾಡಿದ್ರೆ ಇವರು ಅಡಗಿದಲ್ಲಿಂದ ಹೊರಗೆ ಬರ್ತಾರೆ ಅಂದ್ರು. ನಾನು ಸಹಿ ಹಾಕದೆ ಹೋಗ್ಬಾರ್ದಲ್ವಾ? ಹಾಗಾಗಿ ಸಾತ್ವಿಕಾಳನ್ನು ಕೂರಿಸಿ ಕಳಿಸಿದೆ. ಹೋಗಿ ಅರ್ಧ ಗಂಟೆ ಆಯ್ತು."

ಸಾಧನಾ ಅವಳ ತೋಳು ಹಿಡಿದಳು, ಬೆರಳುಗಳು ಊರುವಷ್ಟು ಗಟ್ಟಿಯಾಗಿ. "ಎಲ್ಲಿಗೆ ಸೇಸಮ್ಮ? ಎಲ್ಲಿಗೆ ಕರೆದುಕೊಂಡು ಹೋದ್ರು?"

ಸೇಸಮ್ಮನ ನಗು ಅರ್ಧಕ್ಕೆ ನಿಂತಿತು. ಅವಳು ಸಾಧನಾಳನ್ನೊಮ್ಮೆ, ಶೆಟ್ಟಿಯನ್ನೊಮ್ಮೆ ನೋಡಿದಳು.

"ಅದು ನಿಮಗೆ ಗೊತ್ತುಂಟು ಅಂತ ಜಯೇಶಣ್ಣ ಹೇಳಿದ್ರಲ್ಲ, ಅಕ್ಕ?"